ಶೇಂಗಾ ಬುಡಕೊಳೆ: ‘ರೋಗ ನಿರೋಧಕ’ ಅಂದರೆ ಯಾವ ರೋಗಕ್ಕೆ?

ಪ್ರಶ್ನೆ: ಅಂಕೋಲಾ ತಾಲೂಕಿನ ಕರಾವಳಿ ಬದಿಯ ಊರು ನನ್ನದು. ಮಳೆಗಾಲದಲ್ಲಿ ಭತ್ತ, ಅದು ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಶೇಂಗಾ ಹಾಕುತ್ತೇನೆ. ಊರಿನ ಬೀಜಕ್ಕೆ ಎಲೆ ಚುಕ್ಕೆ ಜಾಸ್ತಿ ಬರುತ್ತಿತ್ತು. ಹಾಗಾಗಿ ಈ ಸಲ ‘ರೋಗ ನಿರೋಧಕ ತಳಿ’ ಎಂದು ಜಿಪಿಬಿಡಿ-4 ತಂದು ಬಿತ್ತಿದೆ. ಎಲೆ ಹಸಿರಾಗೇ ಇತ್ತು. ಎರಡು ತಿಂಗಳಾಗುವಷ್ಟರಲ್ಲಿ ಅಲ್ಲಲ್ಲಿ ಗಿಡ ಬಾಡಿ ಸಾಯಲು ಶುರುವಾಯಿತು. ಬುಡದಲ್ಲಿ ಬಿಳಿ ಬೂಸ್ಟು, ಸಾಸಿವೆಯಂಥ ಕಾಳುಗಳು. ನನಗೆ ಕೊಟ್ಟಿದ್ದು ನಕಲಿ ಬೀಜವೇ? ಇಂಗ್ಲೆಂಡಿನಲ್ಲಿರುವ ತಂಗಿಯ ಮಗ ಹೇಳುವ ಪ್ರಕಾರ, ಅಲ್ಲಿ ಸಾಸಿವೆ ಜಾತಿಯ ಎಣ್ಣೆಬೀಜದ ಬೆಳೆಗೆ ಮಣ್ಣಿನಿಂದ ಬರುವ ಶಿಲೀಂಧ್ರ ರೋಗವನ್ನು ಯಾವ ತಳಿ ಎಷ್ಟು ತಡೆಯುತ್ತದೆ ಎಂಬ ಪಟ್ಟಿಯೇ ಇದೆಯಂತೆ. ಶೇಂಗಾದಲ್ಲಿ ಅಂಥ ತಳಿ ಯಾವುದು? ಈ ಸಲದ ಕಾಯಿಯನ್ನು ಬೀಜಕ್ಕೆ ಇಡಬಹುದೇ?

ಉತ್ತರ:

ನಿಮ್ಮ ಬೀಜ ನಕಲಿ ಅಂತ ನನಗೆ ಅನಿಸುವುದಿಲ್ಲ. ಎಲೆ ಹಸಿರಾಗಿ ಉಳಿದಿತ್ತು ಎಂದು ನೀವೇ ಬರೆದಿದ್ದೀರಿ. ಜಿಪಿಬಿಡಿ-4 ಮಾಡಬೇಕಾದ ಕೆಲಸ ಅದೇ, ಅದನ್ನು ಮಾಡಿದೆ. ಗಿಡ ಸತ್ತಿದ್ದು ಬೇರೆ ರೋಗದಿಂದ. ಆ ರೋಗವನ್ನು ತಡೆಯುತ್ತೇನೆ ಎಂದು ಈ ತಳಿ ಯಾವತ್ತೂ ಹೇಳಿಕೊಂಡಿಲ್ಲ. ಹೇಳಿದ್ದರೆ ಅದು ಮಾರುವವರ ಬಾಯಿ ಅಷ್ಟೆ.

‘ರೋಗ ನಿರೋಧಕ’ ಎಂದು ಸುಮ್ನೆ ಬರೆದಿರುವ ಚೀಲ ನೋಡಿದಾಗೆಲ್ಲ ‘ಯಾವ ರೋಗಕ್ಕೆ?’ ಅಂತ ಕೇಳಬೇಕು. ಎಲ್ಲ ರೋಗವನ್ನೂ ತಡೆಯುವ ತಳಿ ಯಾವ ಬೆಳೆಯಲ್ಲೂ ಇಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಜಿಪಿಬಿಡಿ-4 ತಡೆಯುವುದು ಎರಡು ರೋಗಗಳನ್ನು. ಒಂದು ತುಕ್ಕು ರೋಗ, ಇನ್ನೊಂದು ತಡವಾಗಿ ಬರುವ ಎಲೆ ಚುಕ್ಕೆ ರೋಗ. ಎರಡೂ ಗಾಳಿಯಲ್ಲಿ ಬಂದು ಎಲೆಯ ಮೇಲೆ ಕೂರುವಂಥವು. ಅವನ್ನು ತಡೆಯುವ ಗುಣ ಈ ತಳಿಗೆ ಬಂದಿದ್ದು ಅರಾಕಿಸ್ ಕಾರ್ಡೆನಾಸಿ ಎಂಬ ಕಾಡು ಶೇಂಗಾದಿಂದ. ಆ ಕಾಡು ಜಾತಿಯ ರಕ್ತ ಇದ್ದ, ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ಒಂದು ತಳಿಸಾಲನ್ನು ಕೆಆರ್‌ಜಿ-1 ಎಂಬ ಶೇಂಗಾ ತಳಿಯ ಜೊತೆ ಕೂಡಿಸಿ ಇದನ್ನು ಪಡೆದರು. ತುಕ್ಕು ತಡೆಯುವ ಗುಣದ ಬಹುಪಾಲು ಒಂದೇ ವರ್ಣತಂತುವಿನ ಒಂದು ಚಿಕ್ಕ ತುಂಡಿನಲ್ಲಿದೆ ಎಂದು ಆಮೇಲೆ ಗೊತ್ತಾಯಿತು. ಹಾಗಾಗಿಯೇ ಅದನ್ನು ಟಿಎಜಿ-24, ಜೆಎಲ್-24 ತರಹದ ಹಳೆಯ ತಳಿಗಳಿಗೆ ದಾಟಿಸಲು ಸಾಧ್ಯವಾಯಿತು. ಒಳ್ಳೆಯ ಕೆಲಸವೇ. ಆದರೆ ಎಲೆಗೆ ಸಂಬಂಧಿಸಿದ ಕೆಲಸ. ಬುಡದಲ್ಲಿ ನಡೆಯುವ ಕಥೆಯೇ ಬೇರೆ.

ಮೊದಲು ರೋಗ ಯಾವುದು ಎಂದು ಗಟ್ಟಿ ಮಾಡಿಕೊಳ್ಳೋಣ. ನಿಮ್ಮ ವಿವರಣೆ ಸ್ಕ್ಲೆರೋಷಿಯಂ ರಾಲ್ಫ್ಸಿ ಎಂಬ ಶಿಲೀಂಧ್ರದ ಬುಡಕೊಳೆಗೆ ಚೆನ್ನಾಗಿ ಹೊಂದುತ್ತದೆ. ಮೊದಲು ಒಂದು ಕೊಂಬೆ ಹಳದಿಯಾಗಿ ಬಾಡುತ್ತದೆ, ಆಮೇಲೆ ಇಡೀ ಗಿಡ. ಮಣ್ಣಿಗೆ ತಾಗಿದ ಜಾಗದಲ್ಲಿ ಬಿಳಿ ಎಳೆಗಳು ಬೀಸಣಿಗೆಯಂತೆ ಹರಡಿರುತ್ತವೆ. ಅದರ ಮೇಲೆ ಒಂದೆರಡು ಮಿಲಿಮೀಟರಿನ ಕಾಳುಗಳು, ಮೊದಲು ಬಿಳಿ, ಬಲಿತ ಮೇಲೆ ಕಂದು. ಗಿಡ ಕಿತ್ತರೆ ಕಾಯಿ ಜೊತೆಗೆ ಬರುವುದಿಲ್ಲ. ಕಾಯಿಯನ್ನು ಹಿಡಿದ ಸೂಜಿ ಕೊಳೆತು, ಕಾಯಿ ಮಣ್ಣಲ್ಲೇ ಉಳಿಯುತ್ತದೆ. ಕೆಲವು ಕಾಯಿ ಒಡೆದು ನೋಡಿದರೆ ಬೀಜದ ಸಿಪ್ಪೆ ನೀಲಿ-ಬೂದು ಬಣ್ಣಕ್ಕೆ ತಿರುಗಿರುತ್ತದೆ. ಈ ಶಿಲೀಂಧ್ರ ಬಿಡುವ ಆಕ್ಸಾಲಿಕ್ ಆಮ್ಲದ ಕೆಲಸ ಅದು.

ಇದಕ್ಕೂ ಕತ್ತು ಕೊಳೆ ರೋಗಕ್ಕೂ ಗೊಂದಲ ಮಾಡಿಕೊಳ್ಳುವವರು ಬಹಳ. ಕತ್ತು ಕೊಳೆ ಆಸ್ಪರ್ಜಿಲಸ್ ನೈಜರ್ ಎಂಬ ಕಪ್ಪು ಬೂಸ್ಟಿನದು. ಅದು ಹೆಚ್ಚಾಗಿ ಮೊದಲ ತಿಂಗಳಲ್ಲೇ ಸಣ್ಣ ಗಿಡ ಸಾಯಿಸುತ್ತದೆ, ಬುಡದಲ್ಲಿ ಮಸಿಯಂಥ ಪುಡಿ ಕಾಣುತ್ತದೆ. ಅನುಮಾನ ಇದ್ದರೆ ಈಗಷ್ಟೇ ಬಾಡಿದ ಗಿಡದ ಬುಡದ ತುಂಡನ್ನು ಒದ್ದೆ ಕಾಗದದ ಜೊತೆ ಮುಚ್ಚಳದ ಡಬ್ಬಿಯಲ್ಲಿ ಇಡಿ. ಎರಡು ಮೂರು ದಿನದಲ್ಲಿ ಬಿಳಿ ಎಳೆ ಹಬ್ಬಿ, ವಾರ ಹತ್ತು ದಿನದಲ್ಲಿ ಕಾಳು ಕಟ್ಟಿದರೆ ಬುಡಕೊಳೆ ಖಾತ್ರಿ. ಕಪ್ಪು ಪುಡಿ ಬಂದರೆ ಬೇರೆ ದಾರಿ ಹಿಡಿಯಬೇಕು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಎಲೆಯ ರೋಗಕ್ಕೆ ತಳಿ ಸಿಕ್ಕಿತು, ಬುಡದ ರೋಗಕ್ಕೆ ಯಾಕೆ ಸಿಗಲಿಲ್ಲ?

ಮಣ್ಣಿನ ರೋಗ ಎಂಬುದೇ ಕಾರಣ ಎಂದು ಕೆಲವರು ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. ಕಲಬುರಗಿ ಕಡೆಯ ತೊಗರಿಯನ್ನೇ ನೋಡಿ. ತೊಗರಿಯ ಸೊರಗು ರೋಗವೂ ಮಣ್ಣಿನ ಶಿಲೀಂಧ್ರದ್ದೇ. ಅದಕ್ಕೆ 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾದ ಮಾರುತಿ ತಳಿ ಎಷ್ಟು ಹೊಲಗಳನ್ನು ಉಳಿಸಿತು ಎಂದು ಅಲ್ಲಿನ ರೈತರನ್ನೇ ಕೇಳಬೇಕು. ಅಂದರೆ ಮಣ್ಣಿನ ರೋಗಕ್ಕೂ ತಳಿಯಿಂದ ಪರಿಹಾರ ಸಿಗುತ್ತದೆ. ಸಿಗುವುದು, ಸಿಗದಿರುವುದು ಆ ಶಿಲೀಂಧ್ರ ಹೇಗೆ ಬದುಕುತ್ತದೆ ಎಂಬುದರ ಮೇಲೆ ನಿಂತಿದೆ.

ತೊಗರಿಯ ಸೊರಗು ತರುವ ಫ್ಯುಸೇರಿಯಂ ಒಂದೇ ಬೆಳೆಯನ್ನು ನೆಚ್ಚಿಕೊಂಡದ್ದು. ಬೇರಿನಿಂದ ಒಳಗೆ ಹೋಗಿ, ಜೀವಂತ ಗಿಡದ ನೀರಿನ ಕೊಳವೆಗಳಲ್ಲಿ ಮೆಲ್ಲಗೆ ಮೇಲೇರಬೇಕು. ಅಷ್ಟು ಹೊತ್ತು ಗಿಡದ ಕಣ್ಣಿಗೆ ಬೀಳದೆ ಇರಬೇಕು. ಗಿಡಕ್ಕೆ ಗುರುತು ಹಿಡಿಯುವ ಒಂದೆರಡು ಜೀನ್ ಇದ್ದರೂ ಸಾಕು, ಕೊಳವೆ ಮುಚ್ಚಿ ತಡೆಯುತ್ತದೆ.

ಸ್ಕ್ಲೆರೋಷಿಯಂಗೆ ಇಂಥ ನಯ-ನಾಜೂಕು ಏನೂ ಇಲ್ಲ. ಸುಮಾರು 500ಕ್ಕೂ ಹೆಚ್ಚು ಜಾತಿಯ ಗಿಡಗಳನ್ನು ತಿನ್ನುತ್ತದೆ. 1892ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಪೀಟರ್ ಹೆನ್ರಿ ರಾಲ್ಫ್ಸ್ ಇದನ್ನು ಮೊದಲು ವಿವರಿಸಿದ್ದು ಟೊಮೆಟೊ ಗಿಡದ ಮೇಲೆ. ನಮ್ಮ ಜಿಲ್ಲೆಯಲ್ಲಿ ಮೆಣಸಿನಗಿಡ, ಬದನೆ, ಅಲಸಂದೆ, ವೀಳ್ಯದೆಲೆ ಬಳ್ಳಿ, ನರ್ಸರಿಯ ಕಾಳುಮೆಣಸಿನ ಕುಡಿ, ಯಾವುದನ್ನೂ ಬಿಡುವುದಿಲ್ಲ. ಇದು ಗಿಡದ ಒಳಗೆ ಕದ್ದು ಹೋಗುವುದಿಲ್ಲ. ಹೊರಗಿನಿಂದಲೇ ಆಕ್ಸಾಲಿಕ್ ಆಮ್ಲ ಮತ್ತು ಕೋಶದ ಗೋಡೆ ಕರಗಿಸುವ ಕಿಣ್ವಗಳನ್ನು ಸುರಿದು, ಮೊದಲು ಜೀವಕೋಶ ಕೊಲ್ಲುತ್ತದೆ. ಆಮೇಲೆ ಸತ್ತ ಭಾಗದೊಳಗೆ ಕಾಲಿಡುತ್ತದೆ. ಎದುರಿಗೆ ಜೀವಂತ ಕೋಶವೇ ಇಲ್ಲದಿದ್ದರೆ ಗುರುತು ಹಿಡಿಯುವ ಜೀನ್ ಇದ್ದು ಏನು ಪ್ರಯೋಜನ?

ಹಾಗಾಗಿ ಬುಡಕೊಳೆ ವಿಷಯದಲ್ಲಿ ಶೇಂಗಾ ತಳಿಗಳ ನಡುವೆ ಇರುವ ವ್ಯತ್ಯಾಸ ‘ಬರುತ್ತದೆ, ಬರುವುದಿಲ್ಲ’ ಎಂಬ ತರಹದ್ದಲ್ಲ. ‘ಜಾಸ್ತಿ ಸಾಯುತ್ತವೆ, ಸ್ವಲ್ಪ ಕಡಿಮೆ ಸಾಯುತ್ತವೆ’ ಎಂಬ ತರಹದ್ದು. ಕಾಂಡದ ಹೊರ ಪದರ ಎಷ್ಟು ದಪ್ಪ, ಗಿಡ ಎಷ್ಟು ನೆಟ್ಟಗೆ ನಿಲ್ಲುತ್ತದೆ, ಕೊಂಬೆಗಳು ಎಷ್ಟು ಮಣ್ಣಿಗೆ ತಾಗುತ್ತವೆ, ಗಾಯದ ಸುತ್ತ ಗಿಡ ಎಷ್ಟು ಬೇಗ ಗಟ್ಟಿ ಗೋಡೆ ಕಟ್ಟುತ್ತದೆ, ಇಂಥ ಹತ್ತಾರು ಸಣ್ಣ ಗುಣ ಸೇರಿ ಆಗುವ ವ್ಯತ್ಯಾಸ. ಇವುಗಳಲ್ಲಿ ಒಂದೊಂದಕ್ಕೂ ಬೇರೆ ಬೇರೆ ಜೀನ್. ತುಕ್ಕು ರೋಗದ ಗುಣ ದಾಟಿಸಿದಂತೆ ಒಂದು ತುಂಡು ಕತ್ತರಿಸಿ ದಾಟಿಸಲು ಬರುವುದಿಲ್ಲ.

ಪರೀಕ್ಷೆ ಮಾಡುವುದೂ ಕಷ್ಟ. ಈ ಶಿಲೀಂಧ್ರ ಗದ್ದೆ ತುಂಬ ಸಮನಾಗಿ ಇರುವುದಿಲ್ಲ. ಇಲ್ಲೊಂದು ತೇಪೆ, ಅಲ್ಲೊಂದು ತೇಪೆ. ಒಂದು ತಳಿಯ ಸಾಲು ತೇಪೆ ತಪ್ಪಿಸಿ ಬಂದರೆ ‘ನಿರೋಧಕ’ ಅನಿಸಿಕೊಳ್ಳುತ್ತದೆ. ಮುಂದಿನ ವರ್ಷ ತೇಪೆಯ ನಡುವೆ ಸಿಕ್ಕಿ ನೆಲಕಚ್ಚುತ್ತದೆ. ಇದನ್ನು ತಪ್ಪಿಸಲು ಸಂಶೋಧನಾ ಕೇಂದ್ರಗಳಲ್ಲಿ ರೋಗದ ಮಡಿ ಮಾಡುತ್ತಾರೆ. ಬೇಯಿಸಿದ ಜೋಳದ ಕಾಳಿನ ಮೇಲೆ ಶಿಲೀಂಧ್ರ ಬೆಳೆಸಿ, ಅದನ್ನು ಪ್ರತಿ ಗಿಡದ ಬುಡಕ್ಕೂ ಹಾಕುತ್ತಾರೆ. ಆಗ ಎಲ್ಲ ಗಿಡಕ್ಕೂ ಒಂದೇ ಪ್ರಮಾಣದ ಪೆಟ್ಟು. ಆ ಪೆಟ್ಟಿನಲ್ಲಿ ಬದುಕಿದ್ದನ್ನೇ ನಂಬಬೇಕು. ಯಾರದೋ ಹೊಲದಲ್ಲಿ ಒಂದು ವರ್ಷ ಚೆನ್ನಾಗಿ ಬಂತು ಎಂಬ ಮಾತಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ.

ಇನ್ನು ನಿಮ್ಮ ತಂಗಿಯ ಮಗ ಹೇಳಿದ ಇಂಗ್ಲೆಂಡಿನ ಕಥೆ. ಅವನು ಹೇಳಿದ್ದು ಸರಿ. ಆದರೆ ಅಲ್ಲಿನ ರೋಗ ನಮ್ಮದಕ್ಕಿಂತ ಬೇರೆ ಸ್ವಭಾವದ್ದು.

ಅದು ರೇಪ್ ಎಂಬ ಬೆಳೆ. ಕೆನಡಾದವರು ಕನೋಲಾ ಎಂದು ಮಾರುವ ಎಣ್ಣೆಯೂ ಇದರದೇ. ಎಲೆಕೋಸಿನ ಜಾತಿ ಮತ್ತು ಟರ್ನಿಪ್ ಜಾತಿ ಎರಡೂ ಹಿಂದೆ ಎಂದೋ ಕೂಡಿ ಹುಟ್ಟಿದ ಗಿಡ. ಅದಕ್ಕೆ ವರ್ಟಿಸಿಲಿಯಂ ಲಾಂಗಿಸ್ಪೋರಂ ಎಂಬ ಮಣ್ಣಿನ ಶಿಲೀಂಧ್ರ ಬರುತ್ತದೆ. ಸ್ವೀಡನ್ನಿನ ದಕ್ಷಿಣ ಭಾಗದಲ್ಲಿ ಹಿಂದಿನಿಂದ ಇತ್ತು. ಇಂಗ್ಲೆಂಡಿನಲ್ಲಿ 2007ರಲ್ಲಿ, ಕೆನಡಾದ ಮ್ಯಾನಿಟೋಬಾದಲ್ಲಿ 2014ರಲ್ಲಿ ಕಂಡುಬಂತು. ಬೇರಿನಿಂದ ಹೊಕ್ಕು ನೀರಿನ ಕೊಳವೆ ಹಿಡಿದು ಮೇಲೇರುತ್ತದೆ. ವಿಚಿತ್ರ ಅಂದರೆ ಬೆಳೆ ಮಾಗುವವರೆಗೆ ಹೊರಗೆ ಏನೂ ಕಾಣುವುದಿಲ್ಲ. ಕೊಯ್ಲಿನ ಹೊತ್ತಿಗೆ ಕಾಂಡದ ಒಂದೇ ಪಕ್ಕದಲ್ಲಿ ಕಂದು ಪಟ್ಟೆ. ಸಿಪ್ಪೆ ಸುಲಿದರೆ ಒಳಗೆ ಕರಿ ಚುಕ್ಕಿಗಳು. ಆ ಚುಕ್ಕಿಗಳು ಮಣ್ಣಿಗೆ ಬಿದ್ದರೆ ಹತ್ತು ವರ್ಷಕ್ಕೂ ಮೇಲೆ ಬದುಕಿರುತ್ತವೆ. ಅದನ್ನು ಹತೋಟಿಗೆ ತರುವ ಔಷಧವೇ ಇಲ್ಲ. ಆದ್ದರಿಂದ ಅಲ್ಲಿನವರು ತಳಿಯ ಮೇಲೆ ಅಷ್ಟೊಂದು ಭಾರ ಹಾಕಿದ್ದಾರೆ. ಬೇರೆ ದಾರಿ ಇಲ್ಲ ಅಲ್ವಾ?

ತಡೆಯುವ ಗುಣ ಸಿಕ್ಕಿದ್ದೂ ಹೆಚ್ಚಾಗಿ ಎಲೆಕೋಸಿನ ಬದಿಯಿಂದ. ಗುಣವುಳ್ಳ ಕೋಸನ್ನು ಟರ್ನಿಪ್ ಜಾತಿಯ ಜೊತೆ ಹೊಸದಾಗಿ ಕೂಡಿಸಿ, ರೇಪ್ ಗಿಡವನ್ನೇ ಮತ್ತೊಮ್ಮೆ ಹುಟ್ಟಿಸಿ, ಅದರಿಂದ ಸಾಗುವಳಿ ತಳಿಗಳಿಗೆ ದಾಟಿಸುವ ಪ್ರಯತ್ನ ನಡೆಯಿತು. ಅಂಥ ಗಿಡಗಳಲ್ಲಿ ಶಿಲೀಂಧ್ರ ಬೇರಿಗೆ ಹೋಗುತ್ತದೆ, ಆದರೆ ಬೇರು-ಕಾಂಡ ಸೇರುವ ಜಾಗದಲ್ಲಿ ಕೊಳವೆಗಳು ಮುಚ್ಚಿಕೊಂಡು ಅದನ್ನು ಅಲ್ಲೇ ನಿಲ್ಲಿಸುತ್ತವೆ. ಅಲ್ಲೂ ಇದು ಪೂರ್ತಿ ತಡೆ ಅಲ್ಲ, ಹಲವು ಜೀನ್ ಸೇರಿ ಕೊಡುವ ಭಾಗಶಃ ತಡೆ. ಪಟ್ಟಿಯಲ್ಲಿ ಮೇಲಿರುವ ತಳಿ ಹಾಕಿದರೆ ರೋಗ ಬರುವುದಿಲ್ಲ ಎಂದು ಅಲ್ಲಿನ ರೈತರೂ ತಿಳಿದುಕೊಂಡಿಲ್ಲ. ಕಡಿಮೆ ನಷ್ಟ, ಮಣ್ಣಿಗೆ ಕಡಿಮೆ ಚುಕ್ಕಿ, ಅಷ್ಟು ಲೆಕ್ಕ.

ಒಂದೇ ಜೀನಿನ ಗಟ್ಟಿ ತಡೆ ಬೇಕು ಎಂದು ಹಟ ಹಿಡಿಯುವವರಿಗೆ ಅದೇ ಬೆಳೆಯಿಂದ ಇನ್ನೊಂದು ಪಾಠ ಇದೆ. ರೇಪ್ ಬೇರಿನಲ್ಲಿ ಗಂಟು ಬರಿಸುವ ಕ್ಲಬ್‌ರೂಟ್ ರೋಗಕ್ಕೆ (ಅದನ್ನು ತರುವುದು ಶಿಲೀಂಧ್ರ ಅಲ್ಲ, ಬೇರೊಂದು ಸೂಕ್ಷ್ಮಜೀವಿ) ಕೆನಡಾದಲ್ಲಿ 2009ರಲ್ಲಿ ನಿರೋಧಕ ತಳಿ ಬಂತು. ಎಲ್ಲರೂ ಅದನ್ನೇ ಹಾಕಿದರು. 2013ರ ಹೊತ್ತಿಗೆ ಆಲ್ಬರ್ಟಾದಲ್ಲಿ ಅದನ್ನೂ ತಿನ್ನುವ ಹೊಸ ಬಗೆಯ ರೋಗಾಣು ಕಾಣಿಸಿಕೊಂಡಿತು. ನಾಲ್ಕೇ ವರ್ಷ. ಹಲವು ಸಣ್ಣ ಗುಣಗಳ ತಡೆ ನೋಡಲು ಸಪ್ಪೆ, ಆದರೆ ಅಷ್ಟು ಸುಲಭಕ್ಕೆ ಮುರಿಯುವುದಿಲ್ಲ. ಅದಕ್ಕೇ ಭಾಗಶಃ ತಡೆಯನ್ನು ನಾನು ಕೀಳಾಗಿ ಕಾಣುವುದಿಲ್ಲ.

ಶೇಂಗಾಕ್ಕೆ ಆ ತರಹದ ಪಟ್ಟಿ ಇರುವುದು ಅಮೆರಿಕದ ಜಾರ್ಜಿಯಾ ಕಡೆ. ಅಲ್ಲಿ ಬುಡಕೊಳೆಯನ್ನು ‘ವೈಟ್ ಮೋಲ್ಡ್’ ಅನ್ನುತ್ತಾರೆ. ಜಾರ್ಜಿಯಾ-07ಡಬ್ಲ್ಯು, ಜಾರ್ಜಿಯಾ-12ವೈ ಎಂಬ ತಳಿಗಳಿಗೆ ಈ ರೋಗ ತಡೆಯುವುದರಲ್ಲಿ ಒಳ್ಳೆಯ ಹೆಸರಿದೆ. ಅದಕ್ಕೂ ಮೊದಲು ಸದರ್ನ್ ರನ್ನರ್ ಎಂಬ ತಳಿಯನ್ನು ಎಲೆ ಚುಕ್ಕೆಗೆಂದು ತಯಾರಿಸಿದ್ದರು. ಅದು ಬುಡಕೊಳೆಯನ್ನೂ ಒಂದಿಷ್ಟು ತಡೆಯುತ್ತದೆ ಎಂದು ಆಮೇಲೆ ತಿಳಿಯಿತು. ಅಲ್ಲಿನ ಪಟ್ಟಿಯಲ್ಲಿ ನನಗೆ ಹಿಡಿಸಿದ್ದು ತಳಿಯ ಅಂಕವೊಂದೇ ಅಲ್ಲ. ಬಿತ್ತಿದ ತಾರೀಖು, ಹಿಂದಿನ ಬೆಳೆ, ನೀರಾವರಿ, ಎಲ್ಲದಕ್ಕೂ ಅಂಕ ಕೊಟ್ಟು ಕೂಡಿಸಿ, ಈ ಹೊಲಕ್ಕೆ ಎಷ್ಟು ಅಪಾಯ ಎಂದು ಹೇಳುತ್ತಾರೆ. ತಳಿ ಅದರಲ್ಲಿ ಒಂದು ಸಾಲು ಮಾತ್ರ.

ಆ ಬೀಜ ತರಿಸಬಹುದಾ ಎಂದು ಕೇಳಬೇಡಿ. ಅವು ಹಬ್ಬುವ ಜಾತಿಯವು, 140 ದಿನಕ್ಕೂ ಹೆಚ್ಚು ಬೇಕು. ನಿಮ್ಮದು ಭತ್ತ ಕೊಯ್ದ ಮೇಲಿನ ಗದ್ದೆ. ಬಾವಿಯ ನೀರು ಇಳಿಯುವ ಮೊದಲು ಕಾಯಿ ಮನೆಗೆ ಬರಬೇಕು. ನಮಗೆ ಹೊಂದುವುದು 105-110 ದಿನದ ಗೊಂಚಲು ಜಾತಿಯೇ.

ಹಾಗಾದರೆ ಮುಂದಿನ ಸಲ ಏನು ಬಿತ್ತಬೇಕು? ಜಿಪಿಬಿಡಿ-4 ಬಿಡಬೇಡಿ ಎಂಬುದೇ ನನ್ನ ಸಲಹೆ. ಕಾರಣ ಇದೆ. ಸ್ಕ್ಲೆರೋಷಿಯಂ ಕಾಳು ಮೊಳೆಯಲು ಸತ್ತ ಸೊಪ್ಪಿನ ಆಸರೆ ಬೇಕು. ಉದುರಿದ ಶೇಂಗಾ ಎಲೆ ಒಣಗಿ ಮತ್ತೆ ಒದ್ದೆಯಾದಾಗ ಹೊರಡುವ ಆವಿಯೇ ಅದನ್ನು ಎಬ್ಬಿಸುತ್ತದೆ. ಎಲೆ ಚುಕ್ಕೆಗೆ ತುತ್ತಾಗುವ ತಳಿ ಎಲೆ ಉದುರಿಸಿ ಬುಡದಲ್ಲಿ ಹಾಸುತ್ತದೆ. ಎಂದರೆ ಶಿಲೀಂಧ್ರಕ್ಕೆ ಊಟ ಬಡಿಸಿದ ಹಾಗೆ. ಎಲೆ ಉಳಿಸಿಕೊಳ್ಳುವ ತಳಿಯಲ್ಲಿ ಆ ಊಟ ಕಡಿಮೆ. ಇದರ ಇನ್ನೊಂದು ಮುಖವೂ ಇದೆ. ಎಲೆ ದಟ್ಟವಾಗಿ ಉಳಿದರೆ ಬುಡದಲ್ಲಿ ಗಾಳಿ ಆಡುವುದಿಲ್ಲ, ತೇವ ಆರುವುದಿಲ್ಲ. ಹಾಗಾಗಿ ಈ ತಳಿಯನ್ನು ಒತ್ತಾಗಿ ಬಿತ್ತಬಾರದು. ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 10 ಸೆಂಟಿಮೀಟರ್ ಇರಲಿ. ಕೈಯಲ್ಲಿ ಎರಚಿ ಬಿತ್ತುವ ರೂಢಿ ಇದ್ದರೆ ಬಿಟ್ಟುಬಿಡಿ.

ಇದರ ಜೊತೆಗೆ ಬೇರೆ ಒಂದೆರಡು ತಳಿ ನೋಡುವ ಮನಸ್ಸಿದ್ದರೆ ನಿಮ್ಮ ಗದ್ದೆಯಲ್ಲೇ ಪರೀಕ್ಷೆ ಮಾಡಿ. ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಗೊಂಚಲು ಜಾತಿಯ ಎರಡು ತಳಿಯ ಸ್ವಲ್ಪ ಬೀಜ ತನ್ನಿ. ಗದ್ದೆಯ ಒಂದು ಮೂಲೆ ಒಂದು ತಳಿಗೆ, ಇನ್ನೊಂದು ಮೂಲೆ ಇನ್ನೊಂದಕ್ಕೆ ಎಂದು ಮಾಡಬೇಡಿ. ಮೊದಲೇ ಹೇಳಿದ ತೇಪೆಯ ತೊಂದರೆ. ಉದ್ದ ಪಟ್ಟಿಗಳನ್ನು ಒಂದರ ಪಕ್ಕ ಒಂದು, ಮತ್ತೆ ಅದೇ ಸರದಿಯಲ್ಲಿ ಮೂರು ನಾಲ್ಕು ಸಲ ಹಾಕಿ. ಈ ಸಲ ಜಾಸ್ತಿ ಸತ್ತ ಜಾಗದ ಮೇಲೆ ಎಲ್ಲ ತಳಿಯ ಪಟ್ಟಿಯೂ ಹಾದು ಹೋಗಲಿ. ತಿಂಗಳಾದಾಗ ಗಿಡ ಎಣಿಸಿ. ಆಮೇಲೆ ಸತ್ತ ಗಿಡದಲ್ಲಿ ಬಿಳಿ ಎಳೆ ಇದ್ದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಎರಡು ವರ್ಷ ಹೀಗೆ ಮಾಡಿದರೆ ನಿಮ್ಮ ಮಣ್ಣಿಗೆ ಯಾವುದು ತಾಳುತ್ತದೆ ಎಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತಿರುತ್ತದೆ.

ನಿಮ್ಮ ಕೈಯಲ್ಲಿ ಒಂದು ದೊಡ್ಡ ಅಸ್ತ್ರ ಇದೆ, ಅದನ್ನು ನೀವು ಗಮನಿಸಿದಂತೆ ಕಾಣುವುದಿಲ್ಲ. ಭತ್ತ. ಈ ಶಿಲೀಂಧ್ರದ ಕಾಳುಗಳು ಒಣ ಮಣ್ಣಿನಲ್ಲಿ ಮೂರು ನಾಲ್ಕು ವರ್ಷ ಬದುಕುತ್ತವೆ. ಆದರೆ ಅವಕ್ಕೆ ಗಾಳಿ ಬೇಕು. ಜೂನಿನಿಂದ ಸೆಪ್ಟೆಂಬರ್‌ವರೆಗೆ ನೀರು ನಿಂತ ಬಿಸಿ ಕೆಸರಿನಲ್ಲಿ ಅವು ಬೇಗ ಕೊಳೆತು ಹೋಗುತ್ತವೆ. ಭತ್ತಕ್ಕೂ ಈ ರೋಗಕ್ಕೂ ಅಷ್ಟು ನಂಟಿಲ್ಲ. ಹಾಗಿದ್ದೂ ನಿಮ್ಮಲ್ಲಿ ರೋಗ ಯಾಕೆ ಬಂತು? ಮೂರು ಅನುಮಾನ ನನಗಿದೆ.

ಒಂದು, ಸತ್ತ ತೇಪೆಗಳು ಮೇಲಿನ ಮಕ್ಕಿ ಗದ್ದೆಯಲ್ಲಿ, ಇಲ್ಲವೇ ಅಂಚಿನ ಬದುವಿನ ಬಳಿ ಇರಬಹುದು. ಅಲ್ಲಿ ನೀರು ನಿಲ್ಲುವುದೇ ಇಲ್ಲ, ಹಾಗಾಗಿ ಕಾಳು ಸಾಯುವುದಿಲ್ಲ. ಹೋಗಿ ನೋಡಿ. ಹಾಗಿದ್ದರೆ ಆ ಗದ್ದೆಗೆ ಒಂದೆರಡು ವರ್ಷ ಶೇಂಗಾ ಬೇಡ, ಮೆಕ್ಕೆಜೋಳ ಹಾಕಿ. ಬದಲಿ ಬೆಳೆ ಎಂದು ಈರುಳ್ಳಿ, ಮೆಣಸು, ಕಲ್ಲಂಗಡಿ, ಅಲಸಂದೆ ಹಾಕಿದರೆ ಪ್ರಯೋಜನ ಇಲ್ಲ. ಅವೆಲ್ಲ ಇದೇ ಶಿಲೀಂಧ್ರದ ಊಟ. ಕುಮಟಾ ಬದಿಯಲ್ಲಿ ಸಿಹಿ ಈರುಳ್ಳಿ ಬೆಳೆಯುವ ಗದ್ದೆಗೆ ಶೇಂಗಾ ಸರದಿ ಹಾಕುವವರೂ ಇದನ್ನು ನೆನಪಿಡಬೇಕು.

ಎರಡು, ಗೊಬ್ಬರ. ಬೆಟ್ಟದ ಸೊಪ್ಪು, ದರಕು ಹಾಕಿ ಮಾಡಿದ ಗೊಬ್ಬರ ಅರ್ಧ ಕೊಳೆತಿದ್ದಾಗಲೇ ಗದ್ದೆಗೆ ಹೋಗಿತ್ತಾ? ಭತ್ತದ ಕೂಳೆ ಹಾಗೇ ಉಳಿದಿತ್ತಾ? ಅರೆಕೊಳೆತ ಸೊಪ್ಪು ಈ ಶಿಲೀಂಧ್ರಕ್ಕೆ ಮೆಟ್ಟಿಲು. ಅದರ ಮೇಲೆ ಬೆಳೆದು ಶಕ್ತಿ ತುಂಬಿಕೊಂಡು ಆಮೇಲೆ ಗಿಡಕ್ಕೆ ಏರುತ್ತದೆ. ಬರೀ ಕಾಳಿನ ಶಕ್ತಿಯಿಂದ ಗಟ್ಟಿ ಕಾಂಡ ಕೊರೆಯುವುದು ಅದಕ್ಕೂ ಸುಲಭವಲ್ಲ. ಪೂರ್ತಿ ಕೊಳೆತು ಪುಡಿಯಾದ ಗೊಬ್ಬರ ಮಾತ್ರ ಹಾಕಿ. ಸಾಧ್ಯವಾದರೆ ಭತ್ತ ಕೊಯ್ದ ಕೂಡಲೇ ಮಗುಚುವ ನೇಗಿಲಿನಲ್ಲಿ ಆಳವಾಗಿ ಉತ್ತು ಕೂಳೆ ಒಳಗೆ ಹಾಕಿ. ಆಳಕ್ಕೆ ಹೋದ ಕಾಳು ಮೊಳೆಯುವುದಿಲ್ಲ. ಟಿಲ್ಲರ್ ಹೊಡೆದರೆ ಎಲ್ಲವೂ ಮೇಲಿನ ಮಣ್ಣಿನಲ್ಲೇ ಕಲಸಿ ಉಳಿಯುತ್ತದೆ.

ಮೂರು, ಮಣ್ಣು ಏರಿಸಿದ ರೀತಿ. ಇದರ ಮೇಲೆ ನನಗೆ ಜಾಸ್ತಿ ಅನುಮಾನ. ಶೇಂಗಾಕ್ಕೆ ಸೂಜಿ ಇಳಿಯಲು ಸಡಿಲ ಮಣ್ಣು ಬೇಕು, ನಿಜ. ಆದರೆ ಮಣ್ಣನ್ನು ಗಿಡದ ನೆತ್ತಿಯ ತನಕ ತಳ್ಳಿ ಕೆಳಗಿನ ಕೊಂಬೆ-ಎಲೆ ಹೂತು ಹೋದರೆ, ಆ ಎಲೆ ಅಲ್ಲೇ ಕೊಳೆತು ಶಿಲೀಂಧ್ರವನ್ನು ಕಾಂಡಕ್ಕೇ ತಂದು ಮುಟ್ಟಿಸುತ್ತದೆ. ಬಿತ್ತಿ 30-35 ದಿನಕ್ಕೆ ಜಿಪ್ಸಂ ಹಾಕುವಾಗ ತೆಳ್ಳಗೆ ಮಣ್ಣು ಏರಿಸಿ, ಕೊಂಬೆ ಮುಚ್ಚದಂತೆ. ಜಿಪ್ಸಂ ಎಕರೆಗೆ 2 ಕ್ವಿಂಟಾಲ್ ಸಾಕು. 45 ದಿನ ದಾಟಿದ ಮೇಲೆ ಬುಡದ ಮಣ್ಣು ಕೆದಕಬೇಡಿ. ಕಳೆ ಇದ್ದರೆ ಕೈಯಲ್ಲಿ ಕೀಳಿ, ಕಿತ್ತ ಕಳೆಯನ್ನು ಸಾಲಿನ ನಡುವೆ ಬಿಡಬೇಡಿ.

ಮಣ್ಣಿನ ಹುಳಿಯನ್ನೂ ಒಮ್ಮೆ ನೋಡಿಸಿ. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣು ಹುಳಿ, ಈ ಶಿಲೀಂಧ್ರಕ್ಕೂ ಹುಳಿಯೇ ಇಷ್ಟ. ಶೇಂಗಾಕ್ಕೆ 6ರಿಂದ 6.5ರ ರಸಸಾರ (ಪಿಎಚ್) ಚೆನ್ನ. ಪರೀಕ್ಷೆಯ ಚೀಟಿಯಲ್ಲಿ ಸುಣ್ಣ ಬೇಕು ಎಂದು ಬಂದರೆ, ಹೇಳಿದಷ್ಟು ಹಾಕಿ. ಚಿಪ್ಪಿನ ಸುಣ್ಣವಾದರೂ ನಡೆಯುತ್ತದೆ. ಜಿಪ್ಸಂ ಹಾಕಿದ್ದೇನಲ್ಲ ಎನ್ನಬೇಡಿ. ಅದು ಕಾಯಿಗೆ ಕ್ಯಾಲ್ಸಿಯಂ ಕೊಡುತ್ತದೆ, ಹುಳಿ ಕಳೆಯುವುದಿಲ್ಲ.

ಬೀಜೋಪಚಾರದಲ್ಲಿ ಎರಡು ದಾರಿ. ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಒಂದು. ಇದು ಹುಳಿ ಮಣ್ಣಿನಲ್ಲೂ ಚೆನ್ನಾಗಿ ಬೆಳೆಯುತ್ತದೆ, ಸ್ಕ್ಲೆರೋಷಿಯಂ ಎಳೆಗಳನ್ನೇ ಸುತ್ತಿ ತಿನ್ನುತ್ತದೆ. ಬೀಜಕ್ಕೆ ಹಚ್ಚುವುದರ ಜೊತೆಗೆ, ಕೊಳೆತ ಗೊಬ್ಬರದಲ್ಲಿ ಬೆರೆಸಿ ನೆರಳಲ್ಲಿ ತೇವವಾಗಿ ಎರಡು ವಾರ ಮುಚ್ಚಿಟ್ಟು, ಬಿತ್ತುವಾಗ ಸಾಲಿಗೆ ಹಾಕಿದರೆ ಹೆಚ್ಚು ಉಪಯೋಗ. ಇನ್ನೊಂದು, ಟೆಬುಕೊನಝೋಲ್ ಅಥವಾ ಕಾರ್ಬಾಕ್ಸಿನ್-ಥೈರಾಮ್ ಮಿಶ್ರಣದಂಥ ರಾಸಾಯನಿಕ. ಪ್ರಮಾಣ ಪೊಟ್ಟಣದ ಮೇಲೆ ಬರೆದಷ್ಟೇ. ಎರಡನ್ನೂ ಒಟ್ಟಿಗೆ ಒಂದೇ ಬೀಜಕ್ಕೆ ಹಚ್ಚಬೇಡಿ, ಔಷಧ ಟ್ರೈಕೋಡರ್ಮಾವನ್ನೂ ಸಾಯಿಸುತ್ತದೆ. ನನ್ನ ಒಲವು ಟ್ರೈಕೋಡರ್ಮಾ ಕಡೆಗೆ. ಬೀಜದ ಔಷಧ ಮೊದಲ ಕೆಲವು ವಾರ ಕಾಯುತ್ತದೆ, ನಿಮ್ಮ ಗಿಡ ಸತ್ತಿದ್ದು ಎರಡು ತಿಂಗಳ ಹೊತ್ತಿಗೆ.

ನಿಂತ ಬೆಳೆಗೆ ಔಷಧ ಹೊಡೆಯುವ ಪ್ರಸಂಗ ಬಂದರೆ ಮೇಲೆ ಮೇಲೆ ಸಿಂಪಡಿಸಿ ಉಪಯೋಗ ಇಲ್ಲ, ಅದು ಎಲೆಯ ಮೇಲೇ ಉಳಿಯುತ್ತದೆ. ತೇಪೆಯಲ್ಲೂ ಅದರ ಸುತ್ತಲಿನ ಗಿಡಗಳಿಗೂ ಬುಡಕ್ಕೇ ಸುರಿಯಬೇಕು. ಶೇಂಗಾ ಎಲೆ ರಾತ್ರಿ ಮಡಚಿಕೊಳ್ಳುತ್ತದಲ್ಲ? ಜಾರ್ಜಿಯಾದಲ್ಲಿ ಇದನ್ನೇ ಬಳಸಿಕೊಂಡು, ರಾತ್ರಿ ಅಥವಾ ಬೆಳಕು ಹರಿಯುವ ಮೊದಲು ಸಿಂಪಡಿಸಿ ನೋಡಿದರು. ಔಷಧ ಬುಡಕ್ಕೆ ಇಳಿದು, ರೋಗ ಹೆಚ್ಚು ಹತೋಟಿಗೆ ಬಂತು. ನಮ್ಮಲ್ಲಿ ನಸುಕಿನಲ್ಲಿ ಮಾಡಬಹುದು. ಹಾವು-ಹಪ್ಪಟೆ ನೋಡಿಕೊಂಡು.

ಈ ಸಲದ ಕಾಯಿ ವಿಷಯ. ರೋಗದ ತೇಪೆಯ ಕಾಯನ್ನು ಬೀಜಕ್ಕೆ ಬೇಡವೇ ಬೇಡ. ತೇಪೆಯಿಂದ ದೂರದ, ಚೆನ್ನಾಗಿದ್ದ ಗಿಡದ ಕಾಯಿ ಇಡಬಹುದು. ಬೇರೆಯಾಗಿ ಕಿತ್ತು, ಬೇರೆ ಕಣದಲ್ಲಿ ಒಣಗಿಸಿ. ಬಿತ್ತುವ ಮೊದಲು ಸುಲಿದಾಗ ಸಿಪ್ಪೆಯ ಬಣ್ಣ ನೋಡಿ, ನೀಲಿ-ಬೂದು ಕಂಡದ್ದನ್ನು ತೆಗೆದು ಹಾಕಿ. ಬೀಜದ ಜೊತೆ ಮಣ್ಣು, ಹೊಟ್ಟು, ಶಿಲೀಂಧ್ರದ ಆ ‘ಸಾಸಿವೆ’ ಕಾಳು ಇರದಂತೆ ಕೇರಿ. ಸತ್ತ ಗಿಡಗಳನ್ನು ಈಗಲೇ, ಕಾಳು ಉದುರುವ ಮೊದಲು, ಬುಡದ ಒಂದು ಹಿಡಿ ಮಣ್ಣಿನ ಸಮೇತ ಕಿತ್ತು ಚೀಲಕ್ಕೆ ತುಂಬಿ ಗದ್ದೆಯ ಹೊರಗೆ ಸುಡಿ. ಗೊಬ್ಬರದ ಗುಂಡಿಗೆ ಹಾಕಿದರೆ ಮುಂದಿನ ವರ್ಷ ನೀವೇ ಹೊತ್ತು ತಂದು ಎಲ್ಲ ಗದ್ದೆಗೂ ಹಂಚಿದಂತೆ. ಮಣ್ಣಿನ ಪರೀಕ್ಷೆಗೆ ಭತ್ತದ ಸಸಿ ನೆಡುವ ಮೊದಲೇ ಕೊಡಿ. ಮಕ್ಕಿ ಗದ್ದೆಯದು, ಕೆಳಗಿನ ಬಯಲಿನದು ಬೇರೆ ಬೇರೆ ಪೊಟ್ಟಣ ಮಾಡಿ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಕೊಟ್ಟರೆ ಆಯಿತು.